ಬೆನ್ನಿಗೆ ಗೊತ್ತಿದ್ದ ಆಕಾರ

ಪರದೇಶಕ್ಕೆ ಓಡಿಬಂದ ಆ ಶಿಲ್ಪಿ ಯಾರನ್ನೋ ಕೊಲ್ಲುತ್ತಿರುವವನ ಹಾಗೆ ಕಬ್ಬಿಣ ಬಡಿಯುತ್ತಿದ್ದ. ಅದು ತಣ್ಣಗಾದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರಿಬೆನ್ನನ್ನು ಅದಕ್ಕೆ ಒತ್ತಿ ನೋಡುತ್ತಿದ್ದ. ನೋವು ಸರಿಯಾದ ಜಾಗಕ್ಕೆ ಬರದಿದ್ದರೆ ಮತ್ತೆ ಬಡಿಯುತ್ತಿದ್ದ. ಕೊನೆಗೆ ಎದ್ದುನಿಂತ ಶಿಲ್ಪವನ್ನು ಅಲ್ಲಿಯ ಜನ ಹಕ್ಕಿ ಎಂದರು, ಅಲೆ ಎಂದರು.

ನಿಜಕ್ಕೂ ಅದು ಶಿಲ್ಪಿಯ ದೇಶದ ಸೆರೆಮನೆಯ ನೆಲಮಾಳಿಗೆಯಲ್ಲಿದ್ದ ಚಿತ್ರಹಿಂಸೆಯ ಯಂತ್ರ. ಅದಕ್ಕೆ ಬಿಗಿದು ಅವನ ಭುಜ ಮುರಿದಿದ್ದರು. ಅವನ ತಮ್ಮ ಅದರ ಮೇಲೇ ಪ್ರಾಣ ಬಿಟ್ಟಿದ್ದ. ಅಲ್ಲಿಗೆ ಎಳೆದೊಯ್ಯುವ ಪ್ರತಿಯೊಬ್ಬ ಕೈದಿಗೂ ಮೆಟ್ಟಿಲಲ್ಲೇ ಕಣ್ಣು ಕಟ್ಟಿ, ಹೊರಗೆ ತಂದ ಮೇಲೆಯೇ ಬಿಚ್ಚುತ್ತಿದ್ದರು. ಹಾಗಾಗಿ ಅದರ ಆಕಾರ ಗೊತ್ತಿದ್ದದ್ದು ಅವನ ಬೆನ್ನಿಗೆ ಮಾತ್ರ.

ಒಂದು ದಿನ ಅವನದೇ ಭಾಷೆಯ ಮುದುಕನೊಬ್ಬ ಶಿಲ್ಪ ನೋಡಲು ಬಂದ. ನೋಡಿದವನು ಎರಡು ಹೆಜ್ಜೆ ಹಿಂದೆ ಸರಿದ.

“ಇದು ಆ ನೆಲಮಾಳಿಗೇದು ಅಲ್ವಾ?”

ಶಿಲ್ಪಿ ಎತ್ತಿದ್ದ ಸುತ್ತಿಗೆ ಇಳಿಸಿದ. “ನೀವೂ ಅಲ್ಲಿದ್ರಾ, ಅಣ್ಣಾ?”

“ಇದ್ದೆ ಕಣಪ್ಪಾ. ಆ ಕಿರುಚಾಟ ಇನ್ನೂ ಕಿವೀಲಿದೆ.”

ಶಿಲ್ಪಿ ಅವನನ್ನು ತಬ್ಬಿಕೊಂಡು ಹೋ ಎಂದು ಅತ್ತ. ಕಣ್ಣೊರೆಸಿಕೊಂಡು ಅವನನ್ನು ಶಿಲ್ಪದ ಹತ್ತಿರಕ್ಕೆ ಕರೆದುಕೊಂಡು ಹೋದ.

“ಮುಟ್ಟಿ ನೋಡಿ. ಎಲ್ಲಾದ್ರೂ ತಪ್ಪಿದ್ರೆ ಹೇಳಿ. ಅಲ್ಲಿಂದ ಬದುಕಿ ಬಂದ ಇನ್ನೊಬ್ಬರನ್ನ ನಾನು ಕಂಡೇ ಇಲ್ಲ.”

ಮುದುಕ ಅದರ ಬಾಗಿನುದ್ದಕ್ಕೂ ಮೆಲ್ಲಗೆ ಕೈಯಾಡಿಸಿದ.

“ಆಕಾರ ಅಚ್ಚು ಅದೇ ಕಣಪ್ಪಾ. ಬಣ್ಣ ಒಂದು ಬಿಟ್ಟಿದೀಯ, ಅದು ಗಿಳಿಹಸಿರು ಇತ್ತು.”