ಶಂಕರಪೋಳಿ ಅಲ್ಲ

ಕರ್ಜಿಕಾಯಿಯನ್ನು ಎಣ್ಣೆಗೆ ಬಿಟ್ಟ ಮೀರಿಮ್ ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಎಣ್ಣೆ ಸಿಡಿಯಿತೆಂದುಕೊಂಡ ಶೈಲಜಮ್ಮ ದಡಬಡ ಗ್ಯಾಸ್ ಆರಿಸಿ, ಅವಳ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಒಂದು ಬೊಬ್ಬೆಯಿಲ್ಲ.

"ಎಲ್ಲಿ ಸುಟ್ಕೊಂಡೆ, ತೋರಿಸೇ!"

"ಸುಟ್ಟಿಲ್ಲ ಆಂಟಿ. ಅಜ್ಜಿ... ನಮ್ಮಜ್ಜಿ ಹೋಗ್ಬಿಟ್ರು. ಭಾನುವಾರ."

ಶೈಲಜಮ್ಮ ದಿನಗಳ ಲೆಕ್ಕ ಹಾಕಿದರು. ಭಾನುವಾರದಿಂದ ಈ ಹುಡುಗಿ ಮಾವಿನ ತೋರಣ ಕಟ್ಟಿದ್ದಾಳೆ, ಬಾಗಿನದ ಮೊರಕ್ಕೆ ಅರಿಶಿನ ಬಳಿದಿದ್ದಾಳೆ, ಇವತ್ತು ಬೆಳಿಗ್ಗೆ ಹೊಸ ಸೀರೆ ಉಟ್ಟು ಗೌರಿಗೆ ನಗುನಗುತ್ತಾ ಆರತಿ ಎತ್ತಿದ್ದಾಳೆ. ಬಾಯಿ ಬಿಟ್ಟಿಲ್ಲವಲ್ಲ! ಕಿರ್ಗಿಸ್ತಾನದಿಂದ ವಿದ್ಯಾರ್ಥಿ ವಿನಿಮಯದಲ್ಲಿ ಒಂದು ವರ್ಷದ ಓದಿಗೆಂದು ಬಂದು, ಚಾಮರಾಜಪೇಟೆಯ ಈ ಮನೆಯಲ್ಲಿ ಉಳಿದುಕೊಂಡವಳು. ಮೀರಿಮ್ ಅನ್ನುವುದು ಯಾರ ನಾಲಿಗೆಗೂ ಒಗ್ಗದೆ, ಇಡೀ ರಸ್ತೆಗೇ ಅವಳು ಮೀರಾ.

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ಹಬ್ಬ ನಿಂತುಹೋಗತ್ತೆ. ಸರಸ್ವತಮ್ಮ ಆಂಟಿ ಮನೇಲಿ ನಿಂತೋಯ್ತಲ್ಲ."

ನಿಜವೇ. ವರಮಹಾಲಕ್ಷ್ಮಿಯ ದಿನ ಪಕ್ಕದ ಮನೆಯ ಸರಸ್ವತಮ್ಮನವರಿಗೆ ಮಾವಳ್ಳಿಯಿಂದ ದಾಯಾದಿಯೊಬ್ಬರ ಸಾವಿನ ಸುದ್ದಿ ಬಂದು, ಕಳಶಕ್ಕೆ ಉಡಿಸಿದ್ದ ಸೀರೆಯನ್ನು ಬಿಚ್ಚಿ ಮಡಿಸಿಟ್ಟದ್ದನ್ನು ಇವಳು ಕಣ್ಣಾರೆ ಕಂಡಿದ್ದಳು. ಸೂತಕ ಎಂಬ ಮಾತು ಕಲಿತದ್ದೂ ಅವತ್ತೇ. ಹಾಗಂತ ಬರೀ ಈ ಮನೆಯವರಿಗಾಗಿ ಮುಚ್ಚಿಟ್ಟಳು ಅನ್ನುವಂತಿಲ್ಲ. ಸೀರೆ ಉಟ್ಟು, ಬಾಗಿನ ಪಡೆದು, ಎಲ್ಲರ ನಡುವೆ ಒಬ್ಬಳಾಗಿ ಓಡಾಡುವ ಆಸೆ ಅವಳಿಗೂ ಇತ್ತು, ಪಾಪ.

"ಅಯ್ಯೋ ಹುಚ್ಚಿ, ನಮ್ಮಲ್ಲಿ ಸೂತಕ ಇಲ್ಲ ಕಣೇ!" ಶೈಲಜಮ್ಮ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಲಿಂಗ ಕಟ್ಕೊಂಡೋರಿಗೆ ಯಾವ ಸೂತಕ?"

"ನಾನು ಕಟ್ಕೊಂಡಿಲ್ಲ ಅಲ್ವಾ ಆಂಟಿ?"

ಶೈಲಜಮ್ಮ ಅವಳಿಗೆ ರಂಗೋಲಿ ಕಲಿಸಿದ್ದಾಗಿತ್ತು, ಕೈಯಲ್ಲಿ ಅನ್ನ ಕಲಸಿ ತಿನ್ನಲು ಕಲಿಸಿದ್ದಾಗಿತ್ತು, "ಮೀರಾ ನಮ್ಮೋಳೇ ಆಗ್ಬಿಟ್ಲು" ಎಂದು ಬಂದವರಿಗೆಲ್ಲ ಹೇಳಿ ಬೀಗಿದ್ದೂ ಆಗಿತ್ತು. ನಿಮ್ಮ ಕಡೆ ಹೇಗೆ ಅಂತ ಇಷ್ಟು ತಿಂಗಳಲ್ಲಿ ಒಂದು ದಿನವೂ ಕೇಳಿದವರಲ್ಲ. ಛೆ, ಎಂಥವಳು ನಾನು ಅನ್ನಿಸಿತು.

"ನಿಮ್ಮಲ್ಲಿ ಏನ್ಮಾಡ್ತಾರಮ್ಮ, ಯಾರಾದ್ರೂ ಹೋದ್ರೆ?"

ಹುಡುಗಿ ಮೂಗೊರೆಸಿಕೊಂಡಳು. "ಹಿಟ್ಟು ಕರೀತಾರೆ. ಬೋರ್ಸೋಕ್ ಅಂತ. ಎಣ್ಣೆ ಘಮ ಹೋದೋರಿಗೆ ಮುಟ್ಟತ್ತೆ. ಆಮೇಲೆ ಅಕ್ಕಪಕ್ಕ ಕೊಡ್ಬೇಕು, ಅವರು ಅಜ್ಜಿನ ನೆನೆಸ್ಕೊಂಡು ತಿನ್ಬೇಕು. ನಾನು ಬೆಳಿಗ್ಗೆಯಿಂದ ಕರ್ಜಿಕಾಯಿ ಕರೀತಿದೀನಿ. ಅಜ್ಜಿಗೆ ಒಂದೂ ಕರಿದಿಲ್ಲ."

"ಅಷ್ಟೇ ತಾನೇ? ಮೈದಾ ಇದೆ, ಹಾಲಿದೆ. ಕಲ್ಸು. ಗಣೇಶ ಬರೋದು ನಾಳೆ, ಕಾಯ್ತಾನೆ ಬಿಡು."

ಮೀರಿಮ್ ಹಿಟ್ಟು ನಾದಿದಳು, ಲಟ್ಟಿಸಿದಳು, ಚೌಕಚೌಕವಾಗಿ ಕತ್ತರಿಸಿ ಎಣ್ಣೆಗೆ ಬಿಟ್ಟಳು. ಪುಟ್ಟ ದಿಂಬುಗಳ ಹಾಗೆ ಉಬ್ಬಿಕೊಂಡು ಮೇಲೆ ಬಂದವು. ಮೊದಲನೆಯದನ್ನು ಶೈಲಜಮ್ಮನೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆದರೆ ತಟ್ಟೆ ಹಿಡಿದು ಹುಡುಗಿ ಬಾಗಿಲಿಗೆ ಹೊರಟಾಗ ಅವರಿಗೆ ಪಕ್ಕದ ಮನೆಯ ನೆನಪಾಯಿತು.

"ನೋಡು, ಸರಸ್ವತಮ್ಮ ಬಲು ಮಡಿ. ಗೌರಿಗೆ ಸಂಜೆ ಆರತಿ ಬೇರೆ ಇದೆ. ಶಂಕರಪೋಳಿ ಅಂದ್ಬಿಡು. ನೋಡೋಕೂ ಹಾಗೇ ಇದೆ, ಯಾರಿಗೆ ಗೊತ್ತಾಗತ್ತೆ?"

ಮೀರಿಮ್ ತಲೆಯಾಡಿಸಿದಳು. ಈ ಮನೆಯಲ್ಲಿ ಯಾವುದಕ್ಕೂ ಅವಳು ಇಲ್ಲ ಅಂದವಳಲ್ಲ.

ಸರಸ್ವತಮ್ಮ ಮಿಂದು ಮಡಿಸೀರೆ ಉಟ್ಟು, ಆರತಿ ತಟ್ಟೆ ಹಿಡಿದೇ ಬಾಗಿಲಿಗೆ ಬಂದರು. "ಓಹೋ, ಏನೇ ಮೀರಾ, ಶಂಕರಪೋಳಿನಾ? ನೀನೇ ಮಾಡಿದ್ಯಾ?" ಎಂದು ಇನ್ನೊಂದು ಕೈ ಚಾಚಿದರು.

ಹೂಂ ಅಂದರೆ ಮುಗಿದುಹೋಗುತ್ತಿತ್ತು. ಆದರೆ ನೆನೆಯದೆ ತಿಂದರೆ ಅಜ್ಜಿಗೆ ಮುಟ್ಟುವುದು ಹೇಗೆ? ಮೀರಿಮ್‌ ಅಡ್ಡಡ್ಡ ತಲೆಯಾಡಿಸಿದಳು.

"ಅಲ್ಲ ಆಂಟಿ. ಇದು ಬೋರ್ಸೋಕ್. ನಮ್ಮಜ್ಜಿ ತೀರ್ಕೊಂಡ್ರು. ಅವರ ಹೆಸರಲ್ಲಿ ಮಾಡಿದ್ದು."

ಚಾಚಿದ ಕೈ ಅಲ್ಲೇ ನಿಂತಿತು. ಕಾಂಪೌಂಡಿನ ಈಚೆ ಶೈಲಜಮ್ಮ, ಶಿವನೇ, ಕೆಟ್ಟೆವು ಎಂದುಕೊಂಡರು.

"ನೀವು ತಿನ್ನೋದು ಬೇಡ ಆಂಟಿ, ಹಬ್ಬ ಇದೆ," ಎಂದು ಹುಡುಗಿ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

ಸರಸ್ವತಮ್ಮ ಒಮ್ಮೆ ಒಳಗೆ ಕೂತಿದ್ದ ಗೌರಿಯನ್ನು ನೋಡಿದರು, ಒಮ್ಮೆ ಹುಡುಗಿಯ ಊದಿದ ಕಣ್ಣುಗಳನ್ನು ನೋಡಿದರು. ಆರತಿ ತಟ್ಟೆಯನ್ನು ಹೊಸಿಲಿನ ಒಳಗಿಟ್ಟು, ತಾವು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

"ತಾ ಇಲ್ಲಿ. ಏನಮ್ಮ ಅಜ್ಜಿ ಹೆಸರು?"

"ಬುರುಲ್."

"ಬುರುಲಮ್ಮ," ಎಂದು ಮೆಲ್ಲಗೆ ಹೇಳಿ ಒಂದು ಬೋರ್ಸೋಕ್ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಒಳಗಿದ್ದ ಸೊಸೆಗೆ ಕೇಳುವಂತೆ ಕೂಗಿದರು:

"ಯಮುನಾ, ಗೀಸರ್ ಹಾಕೇ! ಆರತಿಗೆ ಮುಂಚೆ ನಾನು ಇನ್ನೊಂದ್ಸಲ ಸ್ನಾನ ಮಾಡ್ಬೇಕು."

ಕೂಗಿ, ತಟ್ಟೆಗೆ ಮತ್ತೆ ಕೈ ಹಾಕಿದರು.