ಭಾವಿ ಅಳಿಯನ ಬೆನ್ನು ಹತ್ತಿ

ಅಳಿಯನಾಗಲಿರುವವನು ಮೂಲೆಯ ಅಂಗಡಿಯ ಮುಂದೆ ಮತ್ತೊಮ್ಮೆ ಬಗ್ಗಿ ಶೂ ಲೇಸು ಕಟ್ಟಿಕೊಂಡ. ಇನ್ಸ್‌ಪೆಕ್ಟರು ತಟ್ಟನೆ ಕಂಬದ ಮರೆಗೆ ಸರಿದರು. ಎಂಥ ಪೆದ್ದ ಕಳ್ಳ, ಒಮ್ಮೆಯೂ ತಿರುಗಿ ನೋಡುತ್ತಿಲ್ಲ.

ಇನ್ಸ್‌ಪೆಕ್ಟರು ಎಂದರೆ ಪೊಲೀಸರಲ್ಲ. ಬಸ್ಸುಗಳನ್ನು ಹತ್ತಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಟಿಕೆಟ್ ಇಲ್ಲದವನನ್ನು ಬೆನ್ನು ನೋಡಿಯೇ ಹಿಡಿಯಬಲ್ಲೆ ಎಂದು ಮನೆಗೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಯಾರದೋ ಚಾಡಿ ಕೇಳಿ ಮೇಲಿನವರು ಅವರನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದ್ದರು. ಅಂದಿನಿಂದ ಹಿಡಿಯಲು ಯಾರೂ ಸಿಕ್ಕಿರಲಿಲ್ಲ.

ಇವತ್ತು ಮಧ್ಯಾಹ್ನ ಸಿಕ್ಕಿದ್ದ. ಊಟಕ್ಕೆ ಕೂತಾಗ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದಳು: "ಅಪ್ಪ, ಅವರು ಪ್ರತಿ ಭಾನುವಾರ ಸಂಜೆ ಎಲ್ಲಿಗೋ ಹೋಗ್ತಾರೆ, ಇವತ್ತೂ ಹೋಗ್ತಾರೆ. ಕೇಳಿದ್ರೆ ಬಾಯಿ ಬಿಡಲ್ಲ."

ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹುಡುಗ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಮಾತು ಬೆಣ್ಣೆಯಂತೆ. ಇಷ್ಟು ನಯ ಇದ್ದರೆ ಒಳಗೇನೋ ಇದೆ ಎಂದು ಇನ್ಸ್‌ಪೆಕ್ಟರಿಗೆ ಮೊದಲೇ ಅನ್ನಿಸಿತ್ತು. ಮಗಳು ಮದುವೆಯ ದಿನ ಗೊತ್ತುಮಾಡಲು ಬಿಡದೆ ಮುಂದೂಡುತ್ತಲೇ ಇದ್ದದ್ದು ಇದಕ್ಕೇ ಇರಬೇಕು. ಇರುವವಳು ಒಬ್ಬಳೇ ಮಗಳು. ಅವಳ ಬಾಳು ಮಣ್ಣಾಗುವುದನ್ನು ಕೈಕಟ್ಟಿ ನೋಡುವುದು ಹೇಗೆ?

ಸಿಟ್ಟಿಗೆ ಕೈ ನಡುಗುತ್ತಿತ್ತು. ಜೊತೆಗೆ ಕಫದ ಕಾಟ. ಜೇಬಿನಿಂದ ಕೆಮ್ಮಿನ ಔಷಧಿ ತೆಗೆದು ಎರಡು ಗುಟುಕು ಇಳಿಸಿ, ಬಾಯಿಗೊಂದು ಲವಂಗ ಹಾಕಿಕೊಂಡರು. ಹುಡುಗ ಅಷ್ಟರಲ್ಲಿ ಮಾಯವಾಗಿರುತ್ತಾನೆ ಎಂದುಕೊಂಡಿದ್ದರು. ಇಲ್ಲ, ಅಂಗಡಿಯ ಗಾಜಿನೊಳಗೆ ಇಣುಕುತ್ತ ಅಲ್ಲೇ ನಿಂತಿದ್ದ. ಆಮೇಲೆ ಮುದ್ರಣಾಲಯದ ಪಕ್ಕದ ಓಣಿಗೆ ತಿರುಗಿ, ನೆಲಮಹಡಿಯ ಒಂದು ಬಾಗಿಲು ತಳ್ಳಿದ. ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಇನ್ಸ್‌ಪೆಕ್ಟರು ಎರಡು ಸಲ ಓದಿದರು. 'ಕುಡಿತ ಬಿಡುವವರ ಬಳಗ. ಯಾರಾದರೂ ಬರಬಹುದು.'

ಕುಡುಕ. ತಮ್ಮ ಮನೆಗೆ ಅಳಿಯನಾಗಿ ಬರುವವನು ಕುಡುಕ.

ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ಹಿಡಿದರೆ ಎಲ್ಲರ ಎದುರೇ ಹಿಡಿಯಬೇಕು, ಅದು ಅವರ ಕೆಲಸದ ರೀತಿ. ಕುರ್ಚಿ ಅಂಟಂಟಾಗಿತ್ತು. ನೆಲದ ಚಾಪೆ ಒದ್ದೆ ನಾಯಿಯಂತೆ ನಾರುತ್ತಿತ್ತು. ಮೇಜಿನ ಮೇಲಿನ ಚಹಾದ ಲೋಟಗಳಲ್ಲಿ ಕೆನೆ ಕಟ್ಟಿ ನೊಣ ಕೂತಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಗಂಡಸು ಮೂಗು ಸುರಿಸುತ್ತ ಅಳುತ್ತಿದ್ದ. ಸುರಿದದ್ದನ್ನು ಅಂಗಿಯ ತೋಳಿಗೇ ಒರೆಸಿಕೊಂಡ. ಥೂ, ಇವರೂ ಮನುಷ್ಯರೇ? ಅಸಹ್ಯಕ್ಕೆ ಅವರಿಗೆ ಮೈಯೆಲ್ಲ ತುರಿಸಿದಂತಾಯಿತು.

ಎಲ್ಲಕ್ಕಿಂತ ಹೇಸಿಗೆ ಎಂದರೆ ಕೋಣೆಯಲ್ಲಿ ಹೆಂಡದ ವಾಸನೆ ಸಣ್ಣಗೆ ಹೊಡೆಯುತ್ತಿತ್ತು. ಕುಡಿತ ಬಿಡಲು ಬರುವಾಗಲೂ ಕುಡಿದೇ ಬಂದಿದ್ದಾರೆ, ನಾಚಿಕೆಗೆಟ್ಟವರು. ಪಕ್ಕದಲ್ಲಿದ್ದ ಮುದುಕ ಎದ್ದು ಕಿಟಕಿ ತೆರೆದು ಬಂದು ಕೂತ.

"ಹೊಸಬರಾ?" ಎಂದ ಮೆಲ್ಲಗೆ.

"ನಾನು ಕುಡಿಯೋನಲ್ಲ. ಒಬ್ಬನ್ನ ಹಿಡಿಯೋಕೆ ಬಂದಿದೀನಿ."

"ಆಗ್ಲಿ ಬಿಡಿ, ನಾನೂ ಮೊದಲನೇ ದಿನ ಕರೆಂಟ್ ಮೀಟರ್ ನೋಡೋಕೆ ಬಂದಿದೀನಿ ಅಂದಿದ್ದೆ," ಎಂದು ಮುದುಕ ನೀರಿನ ಲೋಟ ಮುಂದೆ ಹಿಡಿದ. ಅವನ ಉಗುರುಗಳು ಹಳದಿಯಾಗಿದ್ದವು. ಇನ್ಸ್‌ಪೆಕ್ಟರು ಮುಟ್ಟಲಿಲ್ಲ.

ಬಳಗ ನಡೆಸುತ್ತಿದ್ದಾಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು. ಒಬ್ಬೊಬ್ಬರಾಗಿ ಎದ್ದು ತಮ್ಮ ಕಥೆ ಹೇಳಿದರು. ಒಬ್ಬ ಮಗುವಿನ ಹುಟ್ಟುಹಬ್ಬ ಮರೆತಿದ್ದ. ಇನ್ನೊಬ್ಬ ಹೆಂಡತಿಯ ಕೈ ಮುರಿದಿದ್ದ. ಇಂಥವರ ಜೊತೆ ಬಾಳುವ ಹೆಂಗಸರ ಗತಿ ಏನು ಎಂದು ಇನ್ಸ್‌ಪೆಕ್ಟರು ಹಲ್ಲು ಕಡಿದರು. ನಾಳೆ ಇದೇ ಗತಿ ತಮ್ಮ ಮಗಳಿಗೆ.

"ಇನ್ಯಾರು ಮಾತಾಡ್ತೀರಿ?" ಎಂದಳು ನರ್ಸ್.

ಹುಡುಗ ಎದ್ದು ನಿಂತ. ಇನ್ಸ್‌ಪೆಕ್ಟರೂ ಕುರ್ಚಿಯ ಅಂಚಿಗೆ ಜರುಗಿದರು. ಅವನ ಬಾಯಿಂದಲೇ ಬರಲಿ. ಬಂದ ಮರುಕ್ಷಣ ಕೊರಳಪಟ್ಟಿ ಹಿಡಿದು ಮನೆಗೆ ಎಳೆದೊಯ್ದು ಮಗಳ ಮುಂದೆ ನಿಲ್ಲಿಸುತ್ತಾರೆ.

"ನಾನು ಕುಡಿಯೋದಿಲ್ಲ ಮೇಡಂ," ಎಂದ ಹುಡುಗ. "ಮನೆಯ ಹಿರಿಯರೊಬ್ಬರಿಗೆ ಹತ್ತಿರದಲ್ಲೇ ಒಂದು ಬಳಗ ಹುಡುಕ್ತಿದ್ದೆ. ಬೇರೆ ಕಡೆನೂ ಹೋಗಿ ಕೂತು ನೋಡ್ದೆ. ಒಂದು ಕಡೆ ಬರೀ ಬೈತಾರೆ, ಇನ್ನೊಂದು ಕಡೆ ಮೆಟ್ಟಿಲು ಜಾಸ್ತಿ, ಅವರ ಕಾಲು ನಿಲ್ಲಲ್ಲ. ಇದೇ ಸರಿ ಅನ್ನಿಸ್ತು. ಅಪ್ಪನ್ನ ಹೀಗೆ ಬಿಟ್ಟು, ಅಮ್ಮನ್ನ ಅವರ ಜೊತೆ ಒಬ್ಬಳನ್ನೇ ಬಿಟ್ಟು ಮದುವೆ ಆಗಲ್ಲ ಅಂತ ಅವರ ಮಗಳು, ನಾನು ಮದುವೆಯಾಗೋ ಹುಡುಗಿ, ಹಠ ಹಿಡಿದಿದ್ದಾಳೆ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬರ್ಬೇಕಿತ್ತಲ್ಲಪ್ಪ."

"ಕರೆದ್ರೆ ಬರೋರಲ್ಲ. ಯಾರನ್ನಾದ್ರೂ ಹಿಡೀಬೇಕು ಅಂದ್ರೆ ಮಾತ್ರ ಎಲ್ಲಿಗೆ ಬೇಕಾದ್ರೂ ಬರ್ತಾರೆ."

ಹುಡುಗ ಮೊದಲ ಬಾರಿಗೆ ಹಿಂದೆ ತಿರುಗಿದ.

"ಅದಕ್ಕೇ ಮಾವ, ನಿಧಾನಕ್ಕೆ ನಡ್ಕೊಂಡು ಬಂದೆ."