ಸಫಾರಿಗೊಂದು ಕ್ಯಾಮೆರಾ

"ಸಫಾರಿಗೆ ಒಂದು ಕ್ಯಾಮೆರಾ ಬೇಕಿತ್ತು ಸಾರ್. ದೂರದ ಪ್ರಾಣಿ ಹತ್ತಿರ ಕಾಣಬೇಕು, ರೇಟೂ ಕಮ್ಮಿ ಇರಬೇಕು," ಎಂದ ಅಂಗಡಿಗೆ ಬಂದ ಗಿರಾಕಿ.

ಅಂಗಡಿಯವನು ನಕ್ಕ. "ಎರಡೂ ಒಟ್ಟಿಗೆ ಎಲ್ಲಿ ಸಿಗುತ್ತಪ್ಪ? ದೂರದ್ದು ತೋರಿಸೋದು ದುಬಾರಿ. ಈ ಅಗ್ಗದ್ದೇ ತಗೋ. ಜೀಪ್ ಡ್ರೈವರ್ ಕೈ ಬೆಚ್ಚಗೆ ಮಾಡು, ಆನೆ ಸೊಂಡಿಲ ಹತ್ತಿರಕ್ಕೇ ಕರ್ಕೊಂಡು ಹೋಗ್ತಾನೆ."

ಗಿರಾಕಿಯ ಮುಖ ಸಣ್ಣಗಾಯಿತು. ಅಂಗಡಿಯವನ ಕಣ್ಣು ತಪ್ಪಿಸಿ, ಜೇಬಿನಲ್ಲಿದ್ದ ದುಡ್ಡನ್ನೆಲ್ಲ ಗಾಜಿನ ಕೌಂಟರ್ ಮೇಲೆ ಸುರಿದ. "ಬೇಡ ಸಾರ್. ಆ ದುಬಾರಿಯದ್ದೇ ಕೊಡಿ."

"ಒಂದು ದಿನದ ಶೋಕಿಗೆ ಇಷ್ಟೊಂದು ಯಾಕಯ್ಯ?"

"ನಾನು ದಿನಾ ಹೋಗೋನು ಸಾರ್, ಜೀಪ್ ಓಡಿಸೋನೇ ನಾನು. ಹೋದ ವಾರ ದುಡ್ಡಿನಾಸೆಗೆ ಹತ್ತಿರ ಹೋದೆ. ಹೆದರಿ ಓಡಿದ ಆನೆಮರಿ ಕಂದಕಕ್ಕೆ ಬಿದ್ದು ಸತ್ತೋಯ್ತು. ಇನ್ಮೇಲೆ ಯಾರಾದ್ರೂ 'ಇನ್ನೂ ಮುಂದೆ ಹೋಗು' ಅಂದ್ರೆ, ಇದನ್ನ ಅವರ ಕೈಗೆ ಕೊಡ್ತೀನಿ."